ಕರ್ನೆಲ್‌ನ ನಿಲ್ಲದ ಸುತ್ತು

ಕೊನೆಯಿಲ್ಲದ ಸುತ್ತು, ಪ್ರೋಗ್ರಾಮರುಗಳ ಬಾಯಲ್ಲಿ ಇನ್‌ಫೈನೈಟ್ ಲೂಪ್, ಕಂಪ್ಯೂಟರಿನಷ್ಟೇ ಹಳೆಯ ತೊಂದರೆ. ಒಂದಷ್ಟು ಸೂಚನೆಗಳನ್ನು ‘ಇಂಥದ್ದು ಆಗುವವರೆಗೆ ಮಾಡುತ್ತಿರು’ ಎಂದು ಬರೆದಿರುತ್ತಾರೆ. ಆ ಇಂಥದ್ದು ಆಗುವುದೇ ಇಲ್ಲ. ಯಂತ್ರ ಗಾಣದೆತ್ತಿನಂತೆ ಅಲ್ಲೇ ತಿರುಗುತ್ತದೆ. ಸಾಧಾರಣ ಪ್ರೋಗ್ರಾಂ ಹೀಗೆ ಸಿಕ್ಕಿಕೊಂಡರೆ ಅದನ್ನು ಮುಚ್ಚಿ ಮತ್ತೆ ತೆರೆದರಾಯಿತು. ಆದರೆ ಆ ಮುಚ್ಚುವ ಕೆಲಸ ಮಾಡುವುದೇ ಕರ್ನೆಲ್. ಅದು ಆಪರೇಟಿಂಗ್ ಸಿಸ್ಟಂನ ತಿರುಳು. ಮೆಮೊರಿ, ಡಿಸ್ಕು, ನೆಟ್‌ವರ್ಕು, ಪ್ರೊಸೆಸರಿನ ಸರದಿ ಎಲ್ಲವನ್ನೂ ಹಂಚುವ ಭಾಗ. ಕರ್ನೆಲ್ಲೇ ಸುತ್ತಿಗೆ ಬಿದ್ದರೆ ಮುಚ್ಚಲು ಅದರ ಮೇಲೆ ಯಾರೂ ಇಲ್ಲ. ಮೌಸ್ ಅಲುಗುವುದಿಲ್ಲ, ಕೀಲಿಮಣೆಗೆ ಉತ್ತರವಿಲ್ಲ, ಕೊನೆಗೆ ಪವರ್ ಬಟನ್ ಒತ್ತಿ ಹಿಡಿಯಬೇಕು.

ಇಲ್ಲಿ ಒಂದು ತಮಾಷೆಯೂ ಇದೆ. ಕರ್ನೆಲ್ ಎಂಬುದು ತಾನೇ ಒಂದು ಕೊನೆಯಿಲ್ಲದ ಸುತ್ತು. ಯಂತ್ರ ಚಾಲೂ ಇರುವಷ್ಟು ಹೊತ್ತು ಅದು ನಿಲ್ಲುವಂತಿಲ್ಲ. ಮಾಡಲು ಕೆಲಸವಿಲ್ಲದಾಗಲೂ ‘ಐಡಲ್’ ಎಂಬ ಖಾಲಿ ಸುತ್ತಿನಲ್ಲಿ ಕಾಯುತ್ತಿರುತ್ತದೆ. ನಿಲ್ಲಬೇಕಾದದ್ದು ಕರ್ನೆಲ್ ಅಲ್ಲ, ಅದು ಕೈಗೆತ್ತಿಕೊಂಡ ಒಂದೊಂದು ಕೆಲಸ. ಸಾಲಿಗ್ರಾಮ, ಚುಂಚನಕಟ್ಟೆ ಕಡೆ ಚಾಮರಾಜ ನಾಲೆಗಳ ಕೆಳಗೆ ಭತ್ತ ಬೆಳೆಯುವವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಳೆ ಹರಿಯುತ್ತಲೇ ಇರಬೇಕು. ಒಬ್ಬೊಬ್ಬರ ಗದ್ದೆಗೆ ಬಿಟ್ಟ ನೀರು ಮಾತ್ರ ಸರದಿ ಮುಗಿದೊಡನೆ ಕಟ್ಟಬೇಕು. ಹಳೇ ಮೈಸೂರಿನ ಊರುಗಳಲ್ಲಿ ಅದನ್ನು ನೋಡಿಕೊಳ್ಳಲೆಂದೇ ನೀರುಗಂಟಿ ಇರುತ್ತಿದ್ದ, ಸುಗ್ಗಿಯಲ್ಲಿ ಕಣಕ್ಕೆ ಬಂದು ತನ್ನ ಆಯ ತೆಗೆದುಕೊಂಡು ಹೋಗುತ್ತಿದ್ದ. ಕರ್ನೆಲ್ ಕಂಪ್ಯೂಟರಿನ ನೀರುಗಂಟಿ. ಆ ನೀರುಗಂಟಿ ಒಂದು ಗದ್ದೆಯ ಬದುವಿನ ಮೇಲೆ ನಿದ್ದೆ ಹೋಗದಂತೆ ನೋಡಿಕೊಳ್ಳುವುದು ಹೇಗೆಂಬ ಪ್ರಶ್ನೆಗೆ ಅರುವತ್ತು ವರ್ಷಗಳಿಂದ ಕೊಡುತ್ತ ಬಂದ ಉತ್ತರಗಳೇ ಈ ಚರಿತ್ರೆ.

ಒಂದು ಉತ್ತರ ಮಾತ್ರ ಮೊದಲಿಗೇ ಕೈಬಿಟ್ಟುಹೋಯಿತು. ಪ್ರೋಗ್ರಾಮನ್ನು ಓದಿ, ಇದು ನಿಲ್ಲುತ್ತದೆ, ಇದು ನಿಲ್ಲುವುದಿಲ್ಲ ಎಂದು ಹೇಳುವ ಇನ್ನೊಂದು ಪ್ರೋಗ್ರಾಂ ಬರೆದರೆ ಆಗದೇ? ಆಗದು. ಅಲನ್ ಟ್ಯೂರಿಂಗ್ 1936ರಲ್ಲಿ, ಎಲೆಕ್ಟ್ರಾನಿಕ್ ಕಂಪ್ಯೂಟರು ಹುಟ್ಟುವುದಕ್ಕೂ ಮೊದಲೇ, ಇದಕ್ಕೆ ಬೇಕಾದ ತರ್ಕವನ್ನು ಕೊಟ್ಟಿದ್ದ. ಅಂಥ ಸರ್ವಜ್ಞ ಪರೀಕ್ಷಕ ಇದೆ ಎಂದುಕೊಳ್ಳೋಣ. ಆಗ ಅದನ್ನೇ ಒಳಗಿಟ್ಟುಕೊಂಡು ಒಂದು ತಲೆತಿರುಕ ಪ್ರೋಗ್ರಾಂ ಬರೆಯಬಹುದು: ಪರೀಕ್ಷಕ ‘ನೀನು ನಿಲ್ಲುತ್ತೀಯೆ’ ಎಂದರೆ ಅದು ಸುತ್ತುತ್ತದೆ, ‘ಸುತ್ತುತ್ತೀಯೆ’ ಎಂದರೆ ನಿಲ್ಲುತ್ತದೆ. ಪರೀಕ್ಷಕ ಏನೆಂದರೂ ಸುಳ್ಳಾಗುತ್ತದೆ. ಆದ್ದರಿಂದ ಅಂಥ ಪರೀಕ್ಷಕ ಇರಲಾರದು. ಟ್ಯೂರಿಂಗ್ ಆ ಲೇಖನದಲ್ಲಿ ‘ಹಾಲ್ಟಿಂಗ್’ ಎಂಬ ಮಾತನ್ನೇ ಬಳಸಿರಲಿಲ್ಲ. 1950ರ ದಶಕದಲ್ಲಿ ಮಾರ್ಟಿನ್ ಡೇವಿಸ್ ಇದಕ್ಕೆ ಹಾಲ್ಟಿಂಗ್ ಪ್ರಾಬ್ಲಂ ಎಂಬ ಹೆಸರು ಕೊಟ್ಟ ಮೇಲೆ ಅದೇ ನಿಂತಿತು.

ಹದಿಮೂರು ವರ್ಷಗಳ ಮೇಲೆ ಅದೇ ಟ್ಯೂರಿಂಗ್ ಮಾಡಿದ ಇನ್ನೊಂದು ಕೆಲಸ ಅಷ್ಟು ಪ್ರಸಿದ್ಧವಲ್ಲ, ಆದರೆ ಕರ್ನೆಲ್ ಬರೆಯುವವರಿಗೆ ಹೆಚ್ಚು ಉಪಯೋಗದ್ದು. 1949ರ ಜೂನ್‌ನಲ್ಲಿ ಕೇಂಬ್ರಿಜ್‌ನ ಸಮ್ಮೇಳನವೊಂದರಲ್ಲಿ ಆತ ಮೂರೇ ಪುಟದ ಪ್ರಬಂಧ ಓದಿದ. ಎಲ್ಲ ಪ್ರೋಗ್ರಾಮಿಗೂ ಉತ್ತರ ಹೇಳುವುದು ಅಸಾಧ್ಯವಾದರೇನು, ಈ ಒಂದು ಪ್ರೋಗ್ರಾಂ ನಿಲ್ಲುತ್ತದೆಂದು ಸಾಧಿಸಿ ತೋರಿಸಬಹುದಲ್ಲ ಎಂಬುದು ಅದರ ಹುರುಳು. ಅದಕ್ಕೆ ಬೇಕಾದದ್ದು ಪ್ರತಿ ಸುತ್ತಿಗೂ ಕಡಿಮೆಯಾಗುತ್ತಲೇ ಹೋಗುವ ಒಂದು ಪ್ರಮಾಣ. ಗೋಣಿಯಲ್ಲಿರುವ ಭತ್ತವನ್ನು ಸೇರಿನಿಂದ ಅಳೆದು ಅಳೆದು ಹಾಕುತ್ತಿದ್ದರೆ ಯಾವಾಗಲೋ ಒಮ್ಮೆ ಗೋಣಿ ಬರಿದಾಗಲೇಬೇಕು. ಸುತ್ತಿನೊಳಗೆ ಅಂಥದೊಂದು ಗೋಣಿ ತೋರಿಸಿಬಿಟ್ಟರೆ ಸುತ್ತು ನಿಲ್ಲುವುದು ಖಚಿತ. 1967ರಲ್ಲಿ ರಾಬರ್ಟ್ ಫ್ಲಾಯ್ಡ್ ಇದನ್ನು ಗಣಿತದ ಶಿಸ್ತಿಗೆ ತಂದ. ಆದರೆ ಬಳಕೆಯಲ್ಲಿರುವ ಕರ್ನೆಲ್‌ಗಳ ಹತ್ತಿರಕ್ಕೆ ಈ ವಿಚಾರ ಬರಲು ಇನ್ನೂ ನಾಲ್ಕು ದಶಕ ಹಿಡಿಯಿತು. ಅಲ್ಲಿಯವರೆಗೆ ಕೆಲಸ ನಡೆಸಿದ್ದು ಗಡಿಯಾರ.

ಗಡಿಯಾರಕ್ಕಿಂತ ಮೊದಲು ಮನುಷ್ಯ ಇದ್ದ. 1950ರ ದಶಕದ ಯಂತ್ರಗಳಲ್ಲಿ ಒಂದು ಹೊತ್ತಿಗೆ ಒಂದೇ ಪ್ರೋಗ್ರಾಂ ಓಡುತ್ತಿತ್ತು. ಅದು ಅತಿಯಾಗಿ ಹೊತ್ತು ತೆಗೆದುಕೊಂಡರೆ ಎದುರು ಕೂತ ಆಪರೇಟರು ಗುಂಡಿ ಒತ್ತಿ ನಿಲ್ಲಿಸುತ್ತಿದ್ದ. 1962ರಲ್ಲಿ ಮ್ಯಾಂಚೆಸ್ಟರಿನಲ್ಲಿ ಕೆಲಸ ಆರಂಭಿಸಿದ ಅಟ್ಲಾಸ್ ಯಂತ್ರದ ಸೂಪರ್‌ವೈಸರ್ (ಅಂದರೆ ಆ ಕಾಲದ ಕರ್ನೆಲ್) ಆ ಆಪರೇಟರಿನ ಕೆಲಸವನ್ನು ತಾನೇ ಮಾಡತೊಡಗಿತು. ತನಗೆ ಎಷ್ಟು ಹೊತ್ತು ಬೇಕೆಂದು ಪ್ರೋಗ್ರಾಂ ಕೊಡುವವರು ಮೊದಲೇ ಬರೆದುಕೊಡಬೇಕು, ಮೀರಿದರೆ ಸೂಪರ್‌ವೈಸರ್ ಅದನ್ನು ಮುಗಿಸಿಬಿಡುತ್ತದೆ. ಇದೇ ಕಾಲದಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕಾರ್ಬಟೊ ಮತ್ತು ಸಂಗಡಿಗರು ಸಿಟಿಎಸ್‌ಎಸ್ ಎಂಬ ಟೈಮ್‌ಶೇರಿಂಗ್ ವ್ಯವಸ್ಥೆ ಕಟ್ಟುತ್ತಿದ್ದರು. ಅದನ್ನು ಮೊದಲು ತೋರಿಸಿದ್ದು 1961ರ ನವೆಂಬರಿನಲ್ಲಿ. ಹಲವರು ಒಂದೇ ಯಂತ್ರವನ್ನು ಹಂಚಿಕೊಳ್ಳುವಾಗ ಒಬ್ಬನ ಸುತ್ತು ಉಳಿದವರೆಲ್ಲರ ಸರದಿ ನುಂಗಬಾರದು. ಅದಕ್ಕಾಗಿ ಐಬಿಎಂ 7090 ಯಂತ್ರಕ್ಕೆ ಮಾಡಿದ ವಿಶೇಷ ಮಾರ್ಪಾಡುಗಳಲ್ಲಿ ಒಂದು ಗಡಿಯಾರ. ನಿಗದಿಯಾದ ಹೊತ್ತು ಕಳೆದೊಡನೆ ಅದು ಪ್ರೊಸೆಸರಿನ ಬಾಗಿಲು ಬಡಿಯುತ್ತದೆ. ಓಡುತ್ತಿರುವ ಪ್ರೋಗ್ರಾಂ ಒಪ್ಪಲಿ ಬಿಡಲಿ, ಹಿಡಿತ ಮರಳಿ ಸೂಪರ್‌ವೈಸರಿಗೆ ಬರುತ್ತದೆ. ಬಾಗಿಲು ಬಡಿಯುವ ಈ ಸಂಕೇತಕ್ಕೆ ಇಂಟರಪ್ಟ್ ಎಂದು ಹೆಸರು. 1964ರ ಐಬಿಎಂ 360 ಸರಣಿಯ ಹೊತ್ತಿಗೆ ಇಂಥ ಟೈಮರ್ ಯಂತ್ರದ ಭಾಗವೇ ಆಗಿತ್ತು. ಅದೇ ಸರಣಿಯ 360/44 ಯಂತ್ರದೊಂದಿಗೆ 1970ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಂಪ್ಯೂಟರ್ ಕೇಂದ್ರ ಆರಂಭವಾಯಿತು.

ಆ ಸಂಸ್ಥೆಗೆ ಮುಂದೆ ಬಂದ ಡೆಕ್-10 ಕುಟುಂಬದ ಯಂತ್ರಗಳಲ್ಲಿ ಒಂದು ವಿಚಿತ್ರವಿತ್ತು. ಅಲ್ಲಿ ಸುತ್ತಲು ಸೂಚನೆಗಳ ಸರಣಿಯೂ ಬೇಕಾಗಿರಲಿಲ್ಲ, ಒಂದೇ ಸೂಚನೆ ಸಾಕಿತ್ತು. ‘ಬೇಕಾದ ವಿಳಾಸ ಅಲ್ಲಿದೆ’ ಎನ್ನುವ ಚೀಟಿ ಇನ್ನೊಂದು ಚೀಟಿಯನ್ನು ತೋರಿಸಬಹುದು, ಅದು ಮತ್ತೊಂದನ್ನು. ಆ ಸಾಲು ತಿರುಗಿ ಮೊದಲ ಚೀಟಿಗೇ ಬಂದರೆ ವಿಳಾಸ ಹುಡುಕುವುದೇ ಮುಗಿಯದು. ಆ ಯಂತ್ರಗಳ ವಿನ್ಯಾಸಕಾರರು ಇದನ್ನು ಮುಂಚೆಯೇ ಊಹಿಸಿ, ವಿಳಾಸ ಹುಡುಕುವ ನಡುವೆಯೂ ಇಂಟರಪ್ಟ್ ಬಾಗಿಲು ಬಡಿಯಲು ಎಡೆ ಇಟ್ಟಿದ್ದರು. ಆ ಕಾಲದ ಎಲ್ಲ ಯಂತ್ರಗಳಲ್ಲೂ ಈ ಮುಂದಾಲೋಚನೆ ಇರಲಿಲ್ಲ.

ಹೀಗೆ ಬಳಕೆದಾರರ ಪ್ರೋಗ್ರಾಮುಗಳ ಸುತ್ತಿಗೆ 1960ರ ದಶಕದಲ್ಲೇ ಪರಿಹಾರ ಸಿಕ್ಕಿತು. ಕರ್ನೆಲ್ಲಿನ ಸುತ್ತಿಗೆ ಸಿಗಲಿಲ್ಲ, ಏಕೆಂದರೆ ಕರ್ನೆಲ್ ಇಂಟರಪ್ಟುಗಳನ್ನು ಬಂದ್ ಮಾಡಬಲ್ಲದು, ಹಲವೊಮ್ಮೆ ಮಾಡಲೇಬೇಕು. ಒಂದು ಪಟ್ಟಿಯನ್ನು ತಿದ್ದುವಾಗ ಅರ್ಧದಲ್ಲಿ ಯಾರೋ ಬಂದು ಬಾಗಿಲು ಬಡಿದರೆ ಪಟ್ಟಿ ಕೆಡುತ್ತದೆ, ಅದಕ್ಕೇ ಅಗುಳಿ ಹಾಕಿಕೊಂಡು ತಿದ್ದುತ್ತದೆ. ಅಗುಳಿ ಹಾಕಿಕೊಂಡವರು ಒಳಗೇ ಸುತ್ತತೊಡಗಿದರೆ ಗಡಿಯಾರ ಎಷ್ಟು ಬಡಿದರೂ ಕೇಳಿಸದು.

ಒಂದಕ್ಕಿಂತ ಹೆಚ್ಚು ಪ್ರೊಸೆಸರುಗಳು ಬಂದ ಮೇಲೆ ಇನ್ನೊಂದು ಬಗೆಯ ಸುತ್ತು ಸೇರಿಕೊಂಡಿತು, ಅದೂ ಬೇಕೆಂದೇ ಬರೆದದ್ದು. ಒಂದು ಪ್ರೊಸೆಸರ್ ಪಟ್ಟಿಗೆ ಬೀಗ ಹಾಕಿ ತಿದ್ದುತ್ತಿದ್ದರೆ ಇನ್ನೊಂದು ‘ಬೀಗ ತೆಗೆದರೆ? ಬೀಗ ತೆಗೆದರೆ?’ ಎಂದು ನೋಡುತ್ತ ಅಲ್ಲೇ ಸುತ್ತುತ್ತದೆ. ಇದೇ ಸ್ಪಿನ್‌ಲಾಕ್. ಬೀಗ ಕ್ಷಣಾರ್ಧದಲ್ಲಿ ತೆರೆಯುತ್ತದೆಂಬ ನಂಬಿಕೆಯ ಮೇಲೆ ನಿಂತ ಸುತ್ತು ಅದು. ಮೊದಲನೆಯವನು ಎರಡನೆಯವನ ಬೀಗಕ್ಕೂ ಎರಡನೆಯವನು ಮೊದಲನೆಯವನ ಬೀಗಕ್ಕೂ ಕಾಯುತ್ತ ನಿಂತರೆ ಇಬ್ಬರ ಸುತ್ತೂ ಮುಗಿಯದು. ಲಿನಕ್ಸ್ ಎಂಬ ಕರ್ನೆಲ್ಲಿನಲ್ಲಿ 2006ರಲ್ಲಿ ಇಂಗೊ ಮೊಲ್ನಾರ್ ಸೇರಿಸಿದ ಲಾಕ್‌ಡೆಪ್ ಇದಕ್ಕೆ ಒಂದು ಜಾಣ ಮದ್ದು. ಯಾವ ಬೀಗದ ನಂತರ ಯಾವ ಬೀಗ ಹಾಕಲಾಯಿತು ಎಂಬುದನ್ನು ಅದು ಬರೆದಿಟ್ಟುಕೊಳ್ಳುತ್ತದೆ. ಎಂದಾದರೂ ಉಲ್ಟಾ ಕ್ರಮ ಕಂಡರೆ, ನಿಜವಾಗಿ ಸಿಕ್ಕಿಬೀಳದಿದ್ದರೂ, ಸಿಕ್ಕಿಬೀಳಬಹುದು ಎಂದು ಕೂಗುತ್ತದೆ. ಆದ ತಪ್ಪನ್ನಲ್ಲದೆ ಆಗಬಹುದಾದ ತಪ್ಪನ್ನೂ ಹಿಡಿಯುವ ಇಂಥ ಉಪಕರಣಗಳು ಕರ್ನೆಲ್ ಲೋಕದಲ್ಲಿ ಹೆಚ್ಚಿಲ್ಲ.

ಸುತ್ತಿಗೆ ಬಿದ್ದದ್ದನ್ನು ಕಂಡುಹಿಡಿಯುವ ಕೆಲಸ ವಾಚ್‌ಡಾಗ್‌ನದು, ಹೆಸರೇ ಹೇಳುವಂತೆ ಕಾವಲುನಾಯಿ. ಪ್ರೊಸೆಸರಿನ ಹೊರಗೆ ಒಂದು ಟೈಮರ್ ಇಳಿಎಣಿಕೆ ನಡೆಸುತ್ತಿರುತ್ತದೆ. ಸರಿಯಾಗಿ ಕೆಲಸ ಮಾಡುತ್ತಿರುವ ಸಾಫ್ಟ್‌ವೇರ್ ಆಗಾಗ ಹೋಗಿ ಅದಕ್ಕೆ ಅನ್ನ ಹಾಕಿ ಎಣಿಕೆಯನ್ನು ಮೊದಲಿಗೆ ತರಬೇಕು. ಹಾಕದಿದ್ದರೆ ಎಣಿಕೆ ಸೊನ್ನೆಗೆ ಇಳಿದು ನಾಯಿ ಯಂತ್ರವನ್ನೇ ರೀಸೆಟ್ ಮಾಡುತ್ತದೆ. ನೆಲದ ಮೇಲಾದರೆ ಬಟನ್ ಒತ್ತಲು ಮನುಷ್ಯನಿದ್ದಾನೆ. ಅಂತರಿಕ್ಷದಲ್ಲಿ ಈ ನಾಯಿಯೇ ದಿಕ್ಕು. ಚಂದ್ರನ ನಕ್ಷೆ ತೆಗೆದು ಮುಂದೆ ಹೊರಟಿದ್ದ ಅಮೆರಿಕದ ಕ್ಲೆಮೆಂಟೈನ್ ನೌಕೆಯ ಕಂಪ್ಯೂಟರು 1994ರ ಮೇ 7ರಂದು ಸ್ತಬ್ಧವಾದಾಗ ಥ್ರಸ್ಟರುಗಳು ಉರಿಯುತ್ತಲೇ ಉಳಿದವು. ಹನ್ನೊಂದು ನಿಮಿಷಗಳಲ್ಲಿ ಇಂಧನ ಖಾಲಿಯಾಗಿ ನೌಕೆ ನಿಮಿಷಕ್ಕೆ ಸುಮಾರು 80 ಸುತ್ತಿನ ವೇಗದಲ್ಲಿ ಬುಗುರಿಯಾಯಿತು. ಅದರ ಹಾರ್ಡ್‌ವೇರಿನಲ್ಲಿ ವಾಚ್‌ಡಾಗ್ ಇತ್ತು. ಸಾಫ್ಟ್‌ವೇರ್ ಅದನ್ನು ಬಳಸಿಕೊಂಡಿರಲಿಲ್ಲ. ಮೂರು ವರ್ಷಗಳ ನಂತರ ಮಂಗಳದ ಮೇಲಿಳಿದ ಪಾತ್‌ಫೈಂಡರ್‌ನಲ್ಲಿ ಇದಕ್ಕೆ ವಿರುದ್ಧವಾದ ಕತೆ: ಮುಖ್ಯವಲ್ಲದ ಕೆಲಸವೊಂದು ಹಿಡಿದ ಬೀಗಕ್ಕೆ ಮುಖ್ಯ ಕೆಲಸ ಕಾಯುತ್ತ ಕೂತಾಗಲೆಲ್ಲ ಕಾವಲು ಟೈಮರ್ ವ್ಯವಸ್ಥೆಯನ್ನು ಮತ್ತೆ ಮತ್ತೆ ರೀಸೆಟ್ ಮಾಡಿಸಿತು. ಭೂಮಿಯ ಮೇಲಿದ್ದ ಎಂಜಿನಿಯರುಗಳು ದೋಷವನ್ನು ಪತ್ತೆ ಹಚ್ಚಿ ಅಷ್ಟು ದೂರದಿಂದಲೇ ಸರಿಪಡಿಸಿದರು.

ಲಿನಕ್ಸ್ ಕರ್ನೆಲ್ ಈ ನಾಯಿಯನ್ನು ತನ್ನೊಳಗೇ ಸಾಕಿಕೊಂಡಿದೆ, ಒಂದಲ್ಲ ಎರಡು. ಒಂದು ಪ್ರೊಸೆಸರ್ ಕರ್ನೆಲ್ ಕೆಲಸದಲ್ಲಿ ಮುಳುಗಿ 20 ಸೆಕೆಂಡಿಗೂ ಹೆಚ್ಚು ಹೊತ್ತು ಬೇರೆ ಯಾವ ಕೆಲಸಕ್ಕೂ ಸರದಿ ಕೊಡದಿದ್ದರೆ ಅದು ‘ಸಾಫ್ಟ್ ಲಾಕಪ್’. ಇಂಟರಪ್ಟುಗಳನ್ನೂ ಬಂದ್ ಮಾಡಿಕೊಂಡು 10 ಸೆಕೆಂಡು ಕಳೆದರೆ ‘ಹಾರ್ಡ್ ಲಾಕಪ್’. ಎರಡನೆಯದನ್ನು ಹಿಡಿಯಲು ಸಾಮಾನ್ಯವಾಗಿ ಅಗುಳಿ ಹಾಕಿದ್ದರೂ ಒಳಗೆ ಕೇಳಿಸುವ ಎನ್‌ಎಂಐ ಎಂಬ ತಡೆಯಲಾಗದ ಇಂಟರಪ್ಟ್ ಬೇಕಾಗುತ್ತದೆ. ಲಾಕಪ್ ಎಂದರೆ ಕನ್ನಡದಲ್ಲಿ ಪೊಲೀಸ್ ಠಾಣೆಯ ಕೋಣೆ. ಬೆಂಗಳೂರಿನ ಸರ್ವರ್ ಕೋಣೆಗಳಲ್ಲಿ ರಾತ್ರಿಪಾಳಿ ಮಾಡಿದವರಿಗೆ ಎರಡೂ ಅರ್ಥ ಒಂದೇ ಎನಿಸಿದರೆ ತಪ್ಪಿಲ್ಲ. ಆದರೆ ಈ ನಾಯಿಗಳು ಬೊಗಳುತ್ತವೆಯೇ ಹೊರತು ಸುತ್ತನ್ನು ಬಿಡಿಸುವುದಿಲ್ಲ. ಕರ್ನೆಲ್ಲಿನ ಒಂದು ಭಾಗವನ್ನು ನಡುವೆ ಕೊಂದರೆ ಅದು ಹಿಡಿದಿದ್ದ ಬೀಗಗಳು ಹಾಗೇ ಉಳಿದು ಇನ್ನಷ್ಟು ಕೆಡುತ್ತದೆ. ಎಲ್ಲಿ ಸಿಕ್ಕಿಕೊಂಡಿದೆ ಎಂದು ಬರೆದಿಡುವುದು, ಬೇಕಿದ್ದರೆ ಯಂತ್ರವನ್ನು ಮರುಚಾಲನೆ ಮಾಡಿಸುವುದು, ಇಷ್ಟೇ ಸಾಧ್ಯ.

ಎಷ್ಟು ಸಣ್ಣ ತಪ್ಪು ಎಷ್ಟು ಯಂತ್ರಗಳನ್ನು ಕೂರಿಸಬಹುದು ಎಂಬುದಕ್ಕೆ 2008ರ ಡಿಸೆಂಬರ್ 31ರ ಪ್ರಸಂಗಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಅಂದು ಮೈಕ್ರೋಸಾಫ್ಟಿನ 30 ಜಿಬಿ ಝೂನ್ ಮ್ಯೂಸಿಕ್ ಪ್ಲೇಯರುಗಳು ಲೋಕದಾದ್ಯಂತ ಒಟ್ಟಿಗೇ ನಿಂತುಹೋದವು. ತಪ್ಪು ಇದ್ದದ್ದು ಗಡಿಯಾರದ ಚಿಪ್ಪನ್ನು ನೋಡಿಕೊಳ್ಳುವ, ಡ್ರೈವರ್ ಎಂಬ ಕರ್ನೆಲ್ ತುಣುಕಿನಲ್ಲಿ. ಚಿಪ್ಪು 1980ರಿಂದ ಎಷ್ಟು ದಿನ ಕಳೆಯಿತು ಎಂಬ ಒಂದೇ ಸಂಖ್ಯೆ ಕೊಡುತ್ತಿತ್ತು. ಅದನ್ನು ವರ್ಷಕ್ಕೆ ಪರಿವರ್ತಿಸಬೇಕು. ಡ್ರೈವರಿನ ಲೆಕ್ಕ ಸರಳ: ಉಳಿದ ದಿನಗಳು 365ಕ್ಕಿಂತ ಹೆಚ್ಚಿರುವವರೆಗೆ ಸುತ್ತು, ಸಾಧಾರಣ ವರ್ಷವಾದರೆ 365 ಕಳೆ, ಅಧಿಕ ವರ್ಷವಾದರೆ, ದಿನಗಳು 366ಕ್ಕಿಂತ ಹೆಚ್ಚಿದ್ದಾಗ ಮಾತ್ರ, 366 ಕಳೆ. 2008 ಅಧಿಕ ವರ್ಷ. ಅದರ ಕೊನೆಯ ದಿನ ಉಳಿದ ದಿನಗಳು ಸರಿಯಾಗಿ 366. ಅದು 365ಕ್ಕಿಂತ ಹೆಚ್ಚು, ಆದ್ದರಿಂದ ಸುತ್ತಿನಿಂದ ಹೊರಬರುವಂತಿಲ್ಲ. 366ಕ್ಕಿಂತ ಹೆಚ್ಚಲ್ಲ, ಆದ್ದರಿಂದ ಏನನ್ನೂ ಕಳೆಯುವಂತಿಲ್ಲ. ಟ್ಯೂರಿಂಗ್ ಹೇಳಿದ ಗೋಣಿ ಅಲ್ಲೇ ಇತ್ತು, ಆ ಒಂದು ದಿನ ಮಾತ್ರ ಅದರಿಂದ ಒಂದು ಸೇರೂ ಹೊರಗೆ ಬೀಳಲಿಲ್ಲ. ಇದೇ ಗಡಿಯಾರದ ಚಿಪ್ಪಿದ್ದ ತೋಷಿಬಾದ ಪ್ಲೇಯರಿಗೂ ಅದೇ ಗತಿಯಾಯಿತು. ಮೈಕ್ರೋಸಾಫ್ಟ್ ಕೊಟ್ಟ ಪರಿಹಾರ: ಬ್ಯಾಟರಿ ಪೂರ್ತಿ ಇಳಿಯಲು ಬಿಡಿ, ಗ್ರೀನಿಚ್ ಕಾಲಮಾನದ ಜನವರಿ 1ರ ಮಧ್ಯಾಹ್ನದ ಮೇಲೆ ಚಾಲೂ ಮಾಡಿ. ದಿನ ಕಳೆದರೆ ತಪ್ಪೂ ಕಳೆಯುತ್ತದೆ, ಮುಂದಿನ ಅಧಿಕ ವರ್ಷದ ಕೊನೆಯವರೆಗೆ.

ಕಾಲದ ಲೆಕ್ಕ ಕರ್ನೆಲ್ಲಿಗೆ ಕೊಟ್ಟ ಕಾಟ ಅಲ್ಲಿಗೇ ಮುಗಿಯಲಿಲ್ಲ. 2012ರ ಜೂನ್ 30ರ ಗ್ರೀನಿಚ್ ಮಧ್ಯರಾತ್ರಿಗೆ, ಭಾರತದಲ್ಲಿ ಜುಲೈ 1ರ ಬೆಳಗಿನ 5:30ರ ಹೊಸ್ತಿಲಲ್ಲಿ, ಒಂದು ಹೆಚ್ಚುವರಿ ಸೆಕೆಂಡನ್ನು ಸೇರಿಸಿದಾಗ ಲಿನಕ್ಸಿನ ಟೈಮರುಗಳು ಒಂದು ಸೆಕೆಂಡು ಮುಂದೆ ಉಳಿದುಬಿಟ್ಟವು. ಸ್ವಲ್ಪ ಹೊತ್ತು ಮಲಗಿ ಏಳಬೇಕೆಂದ ಪ್ರೋಗ್ರಾಮುಗಳನ್ನು ಕರ್ನೆಲ್ ಮಲಗಿಸಿದೊಡನೆ ಎಬ್ಬಿಸತೊಡಗಿತು. ಅವು ಮತ್ತೆ ಮಲಗುವುದು, ಮತ್ತೆ ಏಳುವುದು. ಪ್ರೊಸೆಸರುಗಳು ಕಾದು ಕೆಂಡವಾದವು, ದೊಡ್ಡ ದೊಡ್ಡ ತಾಣಗಳು ಕೆಲಹೊತ್ತು ಮುಗ್ಗರಿಸಿದವು.

ಇನ್ನು ತಪ್ಪೇ ಇಲ್ಲದೆಯೂ ಕೆಲಸ ಮುಗಿಯದಿರುವ ಒಂದು ಬಗೆ ಇದೆ. ಇದನ್ನು ಬಿಡಿಸಿ ಪರಿಹಾರ ಹೇಳಿದವರಲ್ಲಿ ಒಬ್ಬರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ಕೆ.ಕೆ. ರಾಮಕೃಷ್ಣನ್. ನೆಟ್‌ವರ್ಕ್ ಕಾರ್ಡಿಗೆ ಒಂದು ಪ್ಯಾಕೆಟ್ ಬಂದರೆ ಅದು ಇಂಟರಪ್ಟ್ ಮೂಲಕ ಬಾಗಿಲು ಬಡಿಯುತ್ತದೆ. ಕರ್ನೆಲ್ ಕೈಲಿದ್ದದ್ದನ್ನು ಬಿಟ್ಟು ಪ್ಯಾಕೆಟ್ ಒಳಗೆ ತರುತ್ತದೆ. ಪ್ಯಾಕೆಟ್‌ಗಳು ಒಂದು ಮಿತಿ ಮೀರಿ ಸುರಿಯತೊಡಗಿದರೆ ಬಾಗಿಲಿಗೆ ಹೋಗುವುದರಲ್ಲೇ ಕಾಲವೆಲ್ಲ ಮುಗಿಯುತ್ತದೆ, ಒಳಗೆ ತಂದದ್ದನ್ನು ಸಂಬಂಧಿಸಿದವರಿಗೆ ಮುಟ್ಟಿಸಲು ಪುರುಸೊತ್ತಿಲ್ಲ. ಜಾಗ ಸಾಲದೆ ತಂದದ್ದನ್ನು ಎಸೆಯಬೇಕಾಗುತ್ತದೆ. ಜಾತ್ರೆಯ ದಿನ ಹೋಟೆಲಿನವನು ಬಂದವರಿಗೆಲ್ಲ ‘ಬನ್ನಿ, ಕೂತ್ಕಳಿ’ ಎನ್ನುವುದರಲ್ಲೇ ಕಳೆದು, ಒಂದು ದೋಸೆಯನ್ನೂ ಹುಯ್ಯದ ಹಾಗೆ. ಯಂತ್ರ ಸತ್ತಿಲ್ಲ, ಬಿಡುವಿಲ್ಲದೆ ದುಡಿಯುತ್ತಿದೆ, ಆದರೆ ಹೊರಗೆ ಬಂದ ಕೆಲಸ ಸೊನ್ನೆ. ಜೆಫ್ರಿ ಮೊಗಲ್ ಮತ್ತು ರಾಮಕೃಷ್ಣನ್ 1996ರ ಯೂಸೆನಿಕ್ಸ್ ಸಮ್ಮೇಳನದ ಪ್ರಬಂಧದಲ್ಲಿ ಇದನ್ನು ರಿಸೀವ್ ಲೈವ್‌ಲಾಕ್ ಎಂಬ ಹೆಸರಿನಲ್ಲಿ ಅಳೆದು ತೋರಿಸಿದರು.

ಅವರ ಮದ್ದು ಸರಳವಾಗಿತ್ತು. ಮೊದಲ ಸಲ ಬಾಗಿಲು ಬಡಿದಾಗ ಎದ್ದು ಹೋಗು, ಆಮೇಲೆ ಕರೆಗಂಟೆಯನ್ನು ಬಂದ್ ಮಾಡಿಬಿಡು. ನಿನ್ನ ಬಿಡುವಿನಲ್ಲಿ ಹೋಗಿ, ಒಂದು ಸಲಕ್ಕೆ ಇಷ್ಟೇ ಎಂಬ ಕೋಟಾದಂತೆ ಪ್ಯಾಕೆಟ್ ತೆಗೆದುಕೊ, ಪೂರ್ತಿ ಮುಗಿಸಿದ ಮೇಲೆ ಮುಂದಿನದಕ್ಕೆ ಹೋಗು. ಸಾಲು ಖಾಲಿಯಾದಾಗ ಕರೆಗಂಟೆಯನ್ನು ಮತ್ತೆ ಚಾಲೂ ಮಾಡು. ಹೆಚ್ಚಿಗೆ ಬಂದದ್ದು ಕಾರ್ಡಿನಲ್ಲೇ ಬಿದ್ದುಹೋದರೆ ಹೋಗಲಿ. ಶ್ರಮ ಹಾಕಿ ಒಳಗೆ ತಂದು ಎಸೆಯುವುದಕ್ಕಿಂತ ಹೊರಗೇ ಬಿಡುವುದು ಅಗ್ಗ. ಲಿನಕ್ಸಿನಲ್ಲಿ 2001ರ ಸುಮಾರಿಗೆ ರೂಪುಗೊಂಡ ನ್ಯಾಪಿ ಎಂಬ ವ್ಯವಸ್ಥೆ ಇದೇ ದಾರಿಯದು. ಅಲ್ಲಿ ಒಂದು ಕಾರ್ಡಿಗೆ ಒಂದು ಸರದಿಯಲ್ಲಿ ಸಾಮಾನ್ಯವಾಗಿ 64 ಪ್ಯಾಕೆಟ್, ಎಲ್ಲ ಕಾರ್ಡು ಸೇರಿ ಒಂದು ಸುತ್ತಿಗೆ 300. ಅಷ್ಟಾದ ಮೇಲೆ ಕೆಲಸ ಉಳಿದಿದ್ದರೂ ಕೈಬಿಟ್ಟು ಬೇರೆಯವರಿಗೆ ಸರದಿ ಕೊಡಬೇಕು. ಇಂದು ಇಂಟರ್ನೆಟ್ಟಿನಲ್ಲಿರುವ ಲಿನಕ್ಸ್ ಸರ್ವರುಗಳು ಬಹುಪಾಲು ಈ ಕೋಟಾದ ಮೇಲೆ ನಿಂತಿವೆ.

ಎಣಿಸಿ ನಿಲ್ಲಿಸುವ ಈ ಉಪಾಯ ಕರ್ನೆಲ್ಲಿನ ಮೂಲೆಮೂಲೆಯಲ್ಲೂ ಇದೆ. 1983ರ 4.2 ಬಿಎಸ್‌ಡಿ ಯುನಿಕ್ಸಿನಲ್ಲಿ ಬಂದ ಸಿಂಬಾಲಿಕ್ ಲಿಂಕು ಒಂದು ಫೈಲಿನ ಹೆಸರು ಇನ್ನೊಂದು ಹೆಸರನ್ನು ತೋರಿಸುವ ಸೌಕರ್ಯ. ರಾಮನ ಮನೆ ಕೇಳಿದರೆ ಭೀಮನನ್ನು ಕೇಳು, ಭೀಮನನ್ನು ಕೇಳಿದರೆ ರಾಮನನ್ನು ಕೇಳು ಎಂದು ಬರೆದಿಟ್ಟರೆ ಹುಡುಕಾಟ ಮುಗಿಯದು. ದಾರಿಯನ್ನೆಲ್ಲ ನೆನಪಿಟ್ಟು ವೃತ್ತವನ್ನು ಪತ್ತೆಹಚ್ಚಬಹುದಿತ್ತು. ಬಿಎಸ್‌ಡಿ ಬರೆದ ಬರ್ಕ್‌ಲಿಯವರು ಆ ಗೊಡವೆಗೆ ಹೋಗದೆ ಎಂಟು ಸಲ ತಿರುಗಿಸಿದರೆ ಸಾಕು, ತಪ್ಪೆಂದು ಹೇಳಿ ಮರಳು ಎಂದು ಬರೆದರು. ಇಂದಿನ ಲಿನಕ್ಸಿನಲ್ಲಿ ಆ ಮಿತಿ 40. ನ್ಯಾಯವಾದ 41 ತಿರುವುಗಳಿದ್ದರೂ ಅದು ಒಪ್ಪುವುದಿಲ್ಲ. ಇದರಿಂದ ತೊಂದರೆಯಾದವರು ಇದ್ದರೂ ಬೆರಳೆಣಿಕೆಯಷ್ಟು.

ಟ್ಯೂರಿಂಗನ 1949ರ ದಾರಿಯನ್ನು, ಅಂದರೆ ನಿಲ್ಲುತ್ತದೆಂದು ಸಾಧಿಸುವ ದಾರಿಯನ್ನು, ಮಾರುಕಟ್ಟೆಯಲ್ಲಿದ್ದ ಕರ್ನೆಲ್ಲಿನ ಹತ್ತಿರಕ್ಕೆ ತಂದದ್ದು ವಿಂಡೋಸಿನ ಡ್ರೈವರುಗಳ ಕಾಟ. ಪ್ರಿಂಟರು, ಕ್ಯಾಮೆರಾ, ಸೌಂಡ್ ಕಾರ್ಡು ತಯಾರಿಸುವ ಹೊರಗಿನ ಕಂಪನಿಗಳು ಬರೆದ ಡ್ರೈವರುಗಳು ಕರ್ನೆಲ್ಲಿನೊಳಗೆ ಕೂತು ಅದನ್ನು ಕೆಡಿಸುತ್ತಿದ್ದವು. ಬೈಗುಳ ಮೈಕ್ರೋಸಾಫ್ಟಿಗೆ ಬೀಳುತ್ತಿತ್ತು. ಥಾಮಸ್ ಬಾಲ್ ಮತ್ತು ಶ್ರೀರಾಮ್ ರಾಜಮಣಿ 2000ದ ಸುಮಾರಿಗೆ ಆರಂಭಿಸಿದ ಸ್ಲ್ಯಾಮ್ ಯೋಜನೆ ಡ್ರೈವರಿನ ಕೋಡನ್ನು ಓಡಿಸದೆ, ಓದಿಯೇ, ‘ಹಿಡಿದ ಬೀಗವನ್ನು ಬಿಡುತ್ತದೆಯೇ, ಬಿಡದೆ ಮತ್ತೆ ಹಿಡಿಯುತ್ತದೆಯೇ’ ಎಂಬಂಥ ಪ್ರಶ್ನೆಗಳಿಗೆ ಉತ್ತರ ಹುಡುಕಿತು. ಅದರಿಂದ ಸ್ಟ್ಯಾಟಿಕ್ ಡ್ರೈವರ್ ವೆರಿಫೈಯರ್ ಹುಟ್ಟಿತು. ಮೈಕ್ರೋಸಾಫ್ಟ್ 2005ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಸಂಶೋಧನಾಲಯ ತೆರೆದ ಮೇಲೆ ರಾಜಮಣಿ ಇಲ್ಲಿಗೆ ಬಂದರು. ಆದಿತ್ಯ ನೋರಿ ಮೊದಲಾದವರೊಂದಿಗೆ ಅವರು ಇಲ್ಲಿ ಕಟ್ಟಿದ ಉಪಕರಣದ ಹೆಸರು ಯೋಗಿ. ಪರೀಕ್ಷೆ ಮಾಡುವವರು ತಪ್ಪು ಇದೆ ಎಂದು ತೋರಿಸಬಲ್ಲರು, ಇಲ್ಲ ಎಂದು ಹೇಳಲಾರರು. ಸಾಧಿಸುವವರು ಇಲ್ಲ ಎನ್ನಬಲ್ಲರು, ಆದರೆ ಸಾಧನೆ ನಡುವೆ ತಡವರಿಸುತ್ತದೆ. ಯೋಗಿ ಎರಡನ್ನೂ ಜೋಡೆತ್ತಿನ ಹಾಗೆ ಕಟ್ಟಿತು. ಪರೀಕ್ಷೆ ಎಡವಿದ ಜಾಗ ಸಾಧನೆಗೆ ಸುಳಿವು, ಸಾಧನೆ ತಡೆದ ಜಾಗ ಪರೀಕ್ಷೆಗೆ ಸುಳಿವು. ಬೆಂಗಳೂರಿನಲ್ಲಿ ಹುಟ್ಟಿದ ಈ ಎಂಜಿನ್ ಮುಂದೆ ಅದೇ ಡ್ರೈವರ್ ವೆರಿಫೈಯರಿನೊಳಗೆ ಸೇರಿತು.

ನಿಲ್ಲುವುದೋ ಇಲ್ಲವೋ ಎಂಬ ಪ್ರಶ್ನೆಯನ್ನೇ ನೇರವಾಗಿ ಎತ್ತಿಕೊಂಡದ್ದು ಟರ್ಮಿನೇಟರ್. ಬೈರನ್ ಕುಕ್, ಆಂಡ್ರಿಯಾಸ್ ಪೊಡೆಲ್ಸ್ಕಿ, ಆಂಡ್ರೆ ರಿಬಾಲ್ಚೆಂಕೊ 2006ರಲ್ಲಿ ಪ್ರಕಟಿಸಿದ ಈ ಉಪಕರಣ ವಿಂಡೋಸ್ ಡ್ರೈವರುಗಳ ಕೋಡಿನಲ್ಲಿ ಕೆಲಸ ಮಾಡಿತು. ಹಳೆಯ ವಿಧಾನಕ್ಕೆ ಇಡೀ ಪ್ರೋಗ್ರಾಮಿಗೆ ಒಂದೇ ಗೋಣಿ ಬೇಕಿತ್ತು. ಸಾವಿರಾರು ಸಾಲಿನ ಡ್ರೈವರಿಗೆ ಅಂಥದೊಂದನ್ನು ಊಹಿಸುವುದು ಕಷ್ಟ. ಹಲವು ಸಣ್ಣ ಗೋಣಿಗಳಿದ್ದು, ಯಾವ ಎರಡು ಹಂತಗಳನ್ನು ಹಿಡಿದರೂ ಅವುಗಳ ನಡುವೆ ಯಾವುದಾದರೊಂದು ಗೋಣಿ ಇಳಿದಿದ್ದರೆ ಸಾಕು ಎಂದು ಪೊಡೆಲ್ಸ್ಕಿ ಮತ್ತು ರಿಬಾಲ್ಚೆಂಕೊ 2004ರಲ್ಲೇ ತೋರಿಸಿದ್ದರು. ಇದರಿಂದ ಟ್ಯೂರಿಂಗನ ಪ್ರಮೇಯ ಸುಳ್ಳಾಗಲಿಲ್ಲ. ಟರ್ಮಿನೇಟರಿಗೂ ಬಗೆಹರಿಯದ ಪ್ರೋಗ್ರಾಮುಗಳಿದ್ದೇ ಇರುತ್ತವೆ. ಆದರೆ ಡ್ರೈವರ್ ಬರೆಯುವವರು ತರ್ಕಶಾಸ್ತ್ರಿಯ ಒಗಟು ಬರೆಯುವುದಿಲ್ಲ. ಅವರ ಸುತ್ತುಗಳು ಬಹುಪಾಲು ಸೇರು ಗೋಣಿಯ ಸರಳ ಲೆಕ್ಕಗಳೇ.

ಇಡೀ ಕರ್ನೆಲ್ಲನ್ನೇ ಸಾಧಿಸುವ ಪ್ರಯತ್ನವೂ ನಡೆಯಿತು. 2009ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಸುಮಾರು 8,700 ಸಾಲು ಸಿ ಭಾಷೆಯ ಎಸ್‌ಇಎಲ್4 ಎಂಬ ಪುಟ್ಟ ಕರ್ನೆಲ್ಲಿಗೆ ಸುಮಾರು 2,00,000 ಸಾಲಿನ ಸಾಧನೆ ಬರೆದರು. ಅದರ ಪ್ರತಿ ಕರೆಯೂ ಮುಗಿದು ಮರಳುತ್ತದೆ ಎಂಬುದೂ ಅದರೊಳಗೆ ಸಿದ್ಧವಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ದೀಪಕ್ ಡಿಸೋಜ ಮತ್ತು ಸಂಗಡಿಗರು 2015ರಲ್ಲಿ ಫ್ರೀಆರ್‌ಟಿಒಎಸ್ ಎಂಬ, ಸಣ್ಣ ಸಾಧನಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಕರ್ನೆಲ್ಲಿನ ಸರದಿ ಹಂಚುವ ಭಾಗವನ್ನು ಯಂತ್ರ ಪರಿಶೀಲಿತ ಸಾಧನೆಯ ಮೂಲಕ ದೃಢಪಡಿಸಿದರು. ಆ ದಾರಿಯಲ್ಲಿ ಕೆಲವು ತಪ್ಪುಗಳೂ ಸಿಕ್ಕವು, ತಿದ್ದಲ್ಪಟ್ಟವು. ಕೋಟ್ಯಂತರ ಸಾಲಿನ ಲಿನಕ್ಸಿಗೆ ಈ ದಾರಿ ದುಬಾರಿ.

ಲಿನಕ್ಸ್ ಬೇರೆ ದಾರಿ ಹಿಡಿಯಿತು: ಕರ್ನೆಲ್ಲನ್ನು ಸಾಧಿಸುವ ಬದಲು, ಅದರೊಳಗೆ ಹೊಸದಾಗಿ ಬರುವವರನ್ನು ಬಾಗಿಲಲ್ಲೇ ತಪಾಸಣೆ ಮಾಡುವುದು. ಇದರ ಮೂಲ 1993ರಲ್ಲಿ ಸ್ಟೀವನ್ ಮೆಕ್ಯಾನ್ ಮತ್ತು ವ್ಯಾನ್ ಜೇಕಬ್ಸನ್ ರೂಪಿಸಿದ ಬಿಪಿಎಫ್. ಯಾವ ಪ್ಯಾಕೆಟ್ ಬೇಕು, ಯಾವುದು ಬೇಡ ಎಂದು ಜರಡಿ ಹಿಡಿಯುವ ಪುಟ್ಟ ಪ್ರೋಗ್ರಾಮನ್ನು ಬಳಕೆದಾರ ಬರೆದು ಕರ್ನೆಲ್ಲಿನೊಳಗೆ ಕಳಿಸಬಹುದಿತ್ತು. ಅಪರಿಚಿತನ ಕೋಡು ಕರ್ನೆಲ್ಲಿನೊಳಗೆ ಸುತ್ತಿದರೆ? ಅವರು ಹಿಂದಕ್ಕೆ ಜಿಗಿಯುವುದನ್ನೇ ನಿಷೇಧಿಸಿದರು. ಮುಂದಕ್ಕೆ ಮಾತ್ರ ಹೋಗಬಲ್ಲವನು ಎಂದಾದರೂ ದಾರಿಯ ಕೊನೆ ಮುಟ್ಟಲೇಬೇಕು. ಹಾಲ್ಟಿಂಗ್ ಪ್ರಾಬ್ಲಂ ಬಗೆಹರಿಯಲಿಲ್ಲ, ಅದು ಏಳುವ ಎಡೆಯೇ ಇಲ್ಲದಂತಾಯಿತು. 2005ರ ಸೊಲಾರಿಸ್ 10ರೊಂದಿಗೆ ಬಂದ ಡಿಟ್ರೇಸಿನ ಭಾಷೆಯಲ್ಲೂ ಇದೇ ಕಾರಣಕ್ಕೆ ಲೂಪ್ ಇಲ್ಲ.

2014ರಲ್ಲಿ ಅಲೆಕ್ಸೈ ಸ್ಟಾರೊವೊಯ್ಟೊವ್ ಬಿಪಿಎಫ್ಫನ್ನು ಹಿಗ್ಗಿಸಿ ಇಬಿಪಿಎಫ್ ಮಾಡಿದಾಗಲೂ ಕಟ್ಟುಪಾಡು ಉಳಿಯಿತು: ಪ್ರೋಗ್ರಾಂ 4,096 ಸೂಚನೆ ಮೀರಬಾರದು, ಹಿಂದಕ್ಕೆ ಜಿಗಿಯಬಾರದು. ವೆರಿಫೈಯರ್ ಎಂಬ ಬಾಗಿಲ ಕಾವಲು ಎಲ್ಲ ದಾರಿಗಳನ್ನೂ ನಡೆದು ನೋಡಿ ಒಳಗೆ ಬಿಡುತ್ತದೆ. ಬರೆಯುವವರಿಗೆ ಇದು ಉಸಿರು ಕಟ್ಟಿಸಿತು. ಹತ್ತು ಸಲ ಮಾಡಬೇಕಾದ್ದನ್ನು ಹತ್ತು ಸಲ ಬರೆಯಬೇಕು. ಕಂಪೈಲರಿಗೆ ಹೇಳಿ ಸುತ್ತನ್ನು ಬಿಡಿಸಿ ಉದ್ದ ದಾರ ಮಾಡಿಸಬೇಕು. 2019ರ ಜುಲೈನಲ್ಲಿ ಬಂದ ಲಿನಕ್ಸಿನ 5.2 ಆವೃತ್ತಿಯಲ್ಲಿ ವೆರಿಫೈಯರ್ ನಡೆದು ನೋಡುವ ಮಿತಿ, ಅಧಿಕಾರವುಳ್ಳವರಿಗೆ, ಹತ್ತು ಲಕ್ಷ ಸೂಚನೆಗೆ ಏರಿತು. ಸೆಪ್ಟೆಂಬರಿನ 5.3ರಲ್ಲಿ ಮೊದಲ ಬಾರಿಗೆ ಸುತ್ತಿಗೆ ಅನುಮತಿ ಸಿಕ್ಕಿತು, ಅದು ಮುಗಿಯುವುದು ವೆರಿಫೈಯರಿಗೆ ಕಾಣುವಂತಿದ್ದರೆ. ಅದು ಸುತ್ತನ್ನು ಒಂದೊಂದಾಗಿ ನಡೆದೇ ನೋಡುತ್ತದೆ, ಆದ್ದರಿಂದ ದೊಡ್ಡ ಸುತ್ತಾದರೆ ಕಾವಲುಗಾರನೇ ಸುಸ್ತು. 2022ರ 5.17ರಲ್ಲಿ ಜೊಆನ್ ಕೂಂಗ್ ಬರೆದ ಬಿಪಿಎಫ್ ಲೂಪ್ ಎಂಬ ಸಹಾಯಕ ಬಂತು. ಸುತ್ತಿಸುವ ಹೊಣೆ ಕರ್ನೆಲ್ಲಿನದು, ಹೆಚ್ಚೆಂದರೆ ಸುಮಾರು 84 ಲಕ್ಷ ಸಲ, ವೆರಿಫೈಯರ್ ಒಂದು ಸುತ್ತನ್ನು ಪರೀಕ್ಷಿಸಿದರೆ ಸಾಕು.

84 ಲಕ್ಷ ಎಂಬುದು ಮಿತಿಯೇ ಹೌದು. ಆದರೆ ಒಂದರೊಳಗೊಂದು ಸುತ್ತು ಇಟ್ಟರೆ 84 ಲಕ್ಷವನ್ನು 84 ಲಕ್ಷದಿಂದ ಗುಣಿಸಬೇಕು. 2023ರಲ್ಲಿ ಅಮೆರಿಕದ ಸಂಶೋಧಕರು ಹೀಗೆ ಸುತ್ತುಗಳನ್ನು ಹೆಣೆದು, ವೆರಿಫೈಯರ್ ಸಂತೋಷದಿಂದ ಒಳಗೆ ಬಿಟ್ಟ ಪ್ರೋಗ್ರಾಂ ಕರ್ನೆಲ್ಲನ್ನು ಸ್ತಬ್ಧಗೊಳಿಸುವುದನ್ನು ತೋರಿಸಿದರು. ಅದು ನಿಲ್ಲುವುದು ಗಣಿತದಲ್ಲಿ ಖಚಿತ, ನೋಡಲು ಮನುಷ್ಯರು ಬದುಕಿರುವುದಿಲ್ಲ ಅಷ್ಟೆ. ‘ನಿಲ್ಲುತ್ತದೆ’ ಮತ್ತು ‘ಹೊತ್ತಿಗೆ ನಿಲ್ಲುತ್ತದೆ’ ಬೇರೆ ಬೇರೆ ಮಾತು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಪ್ರಯೋಗ ಅಪರೂಪ. 2024ರ 6.9 ಆವೃತ್ತಿಯಲ್ಲಿ ಸೇರಿದ ಮೇ ಗೋಟು ಎಂಬ ಹೊಸ ಸೂಚನೆ ಯಾವ ಸುತ್ತಿಗಾದರೂ ಅನುಮತಿ ಕೊಟ್ಟು, ಅದರೊಳಗೆ ಒಂದು ಎಣಿಕೆ ಇಟ್ಟು, ಎಣಿಕೆ ಮುಗಿದಾಗ ಕೈಹಿಡಿದು ಹೊರಗೆ ತರುತ್ತಿತ್ತು. 2025ರ ಮೇ ತಿಂಗಳ 6.15ರಲ್ಲಿ ಎಣಿಕೆಯ ಜಾಗಕ್ಕೆ ಗಡಿಯಾರ ಬಂತು. ಅಲ್ಲಿ ಇಬಿಪಿಎಫ್‌ನ ಅಂಥ ಸುತ್ತಿಗೆ ಸಿಗುವ ಕಾಲ 250 ಮಿಲಿಸೆಕೆಂಡು.